ನಿಶ್ಚಿತಾರ್ಥದ ಉಂಗುರ

ನಿಶ್ಚಿತಾರ್ಥದ ಉಂಗುರ: ಮದುವೆಯ ಮಾತು ಗಟ್ಟಿಯಾದ ಗುರುತಿಗೆ ತೊಡಿಸುವ ಉಂಗುರ. ಪಾಶ್ಚಾತ್ಯ ದೇಶಗಳಲ್ಲಿ ಇದನ್ನು ಹೆಚ್ಚಾಗಿ ಹೆಣ್ಣಿಗೆ ಮಾತ್ರ ಕೊಡುತ್ತಾರೆ. ಭಾರತದ ನಗರಗಳಲ್ಲಿ ಗಂಡು-ಹೆಣ್ಣು ಪರಸ್ಪರ ತೊಡಿಸುವುದು ವಾಡಿಕೆ. ಭಾರಿ ಹಾರ, ಬಳೆ, ಜುಮಕಿಗಳು ಹೆಚ್ಚಾಗಿ ಹಬ್ಬ-ಮದುವೆಗಷ್ಟೇ ಪೆಟ್ಟಿಗೆಯಿಂದ ಹೊರಬರುತ್ತವೆ. ಈ ಉಂಗುರ ಮಾತ್ರ ದಿನವೂ ಕೈಮೇಲಿರುತ್ತದೆ. ಹಾಗಾಗಿ ಇದನ್ನು ಆರಿಸುವಾಗ ಹರಳಿನ ಗಾತ್ರಕ್ಕಿಂತ ತೊಡುವವರ ದಿನಚರಿ, ಬೆರಳಿನ ಅಳತೆ ಮತ್ತು ಲೋಹದ ಶುದ್ಧತೆಗೆ ಹೆಚ್ಚು ಬೆಲೆ.

ಇತಿಹಾಸ

ಮದುವೆ ನಿಶ್ಚಯವಾದ ಹೆಣ್ಣಿಗೆ ಹರಳಿಲ್ಲದ ಕಬ್ಬಿಣದ ಉಂಗುರ ಕಳಿಸುವ ರೋಮನ್ ಪದ್ಧತಿಯನ್ನು ಕ್ರಿ.ಶ. 1ನೆಯ ಶತಮಾನದ ಲೇಖಕ ಪ್ಲಿನಿ ದಾಖಲಿಸಿದ್ದಾನೆ. ಎಡಗೈಯ ಉಂಗುರದ ಬೆರಳಿನಿಂದ ಹೃದಯಕ್ಕೆ ನೇರವಾಗಿ ನರವೊಂದು ಹೋಗುತ್ತದೆ ಎಂಬ ನಂಬಿಕೆಯೂ ಆ ಕಾಲದ್ದೇ. ಅಂಗರಚನಾಶಾಸ್ತ್ರದಲ್ಲಿ ಅದಕ್ಕೆ ಆಧಾರವಿಲ್ಲ. ವಜ್ರದ ಉಂಗುರ ಕೊಟ್ಟ ಪ್ರಸಿದ್ಧ ಆರಂಭಿಕ ಉದಾಹರಣೆ 1477ರದು: ಆಸ್ಟ್ರಿಯದ ಮ್ಯಾಕ್ಸಿಮಿಲಿಯನ್ ಬರ್ಗಂಡಿಯ ಮೇರಿಗೆ ಕೊಟ್ಟದ್ದು. ಆಗ ಯುರೋಪಿಗೆ ಹೋಗುತ್ತಿದ್ದ ವಜ್ರ ಬಹುಪಾಲು ಭಾರತದ್ದು. ಕೃಷ್ಣಾ ತೀರದ ಕೊಲ್ಲೂರು ಮತ್ತು ಇಂದಿನ ಅನಂತಪುರ ಜಿಲ್ಲೆಯ ವಜ್ರಕರೂರು ವಜ್ರಕ್ಕೆ ಹೆಸರಾದ ಊರುಗಳು. 18ನೆಯ ಶತಮಾನದಲ್ಲಿ ಬ್ರೆಜಿಲಿನಲ್ಲಿ ಗಣಿಗಳು ಸಿಕ್ಕಮೇಲೆ ಭಾರತದ ಮೇಲುಗೈ ತಪ್ಪಿತು.

1860ರ ದಶಕದ ಕೊನೆಯಲ್ಲಿ ದಕ್ಷಿಣ ಆಫ್ರಿಕದಲ್ಲಿ ವಜ್ರ ದೊರೆತು, 1888ರಲ್ಲಿ ಡಿ ಬಿಯರ್ಸ್ ಕಂಪನಿ ಹುಟ್ಟಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ವ್ಯಾಪಾರ ಬಿದ್ದಾಗ ಕಂಪನಿ ಅಮೆರಿಕದ ಜಾಹೀರಾತು ಸಂಸ್ಥೆ ಎನ್.ಡಬ್ಲ್ಯು. ಆಯರ್‌ನ ಮೊರೆಹೋಯಿತು. ಅಲ್ಲಿನ ಬರಹಗಾರ್ತಿ ಫ್ರಾನ್ಸಿಸ್ ಗೆರೆಟಿ 1947ರಲ್ಲಿ ಬರೆದ, ವಜ್ರ ಶಾಶ್ವತವೆಂದು ಸಾರುವ ಘೋಷವಾಕ್ಯ ಇಂದಿಗೂ ಬಳಕೆಯಲ್ಲಿದೆ. ನಿಶ್ಚಿತಾರ್ಥವೆಂದರೆ ವಜ್ರ ಎಂಬ ಭಾವನೆ ಬೇರೂರಿದ್ದು ಈ ಪ್ರಚಾರದಿಂದ. ಎರಡು ತಿಂಗಳ ಸಂಬಳವನ್ನು ಉಂಗುರಕ್ಕೆ ತೆಗೆದಿಡಬೇಕೆಂಬ ಲೆಕ್ಕವೂ ಜಾಹೀರಾತಿನ ಕೊಡುಗೆಯೇ ಹೊರತು ಸಂಪ್ರದಾಯವಲ್ಲ.

ಕರ್ನಾಟಕದಲ್ಲಿ

ಕನ್ನಡ ನಾಡಿನ ಹಿಂದೂ ಕುಟುಂಬಗಳಲ್ಲಿ ನಿಶ್ಚಿತಾರ್ಥವೆಂದರೆ ಮುಖ್ಯವಾಗಿ ಹಿರಿಯರು ತಾಂಬೂಲ ಬದಲಾಯಿಸಿಕೊಳ್ಳುವುದು, ಲಗ್ನಪತ್ರಿಕೆ ಓದುವುದು, ಹುಡುಗಿಗೆ ಸೀರೆ ಕೊಟ್ಟು ಮಡಿಲು ತುಂಬುವುದು. ಮದುವೆಯ ಗುರುತು ತಾಳಿ ಮತ್ತು ಕಾಲುಂಗುರ. ಕೈಯುಂಗುರ ಬದಲಾಯಿಸುವ ಕ್ರಮ ಇವುಗಳ ಜೊತೆಗೆ ಬಂದು ಸೇರಿಕೊಂಡದ್ದು. ಹಳೆಯ ಸಾಹಿತ್ಯದಲ್ಲೂ ಉಂಗುರವಿದೆ, ಆದರೆ ಕಾಳಿದಾಸನ ನಾಟಕದಲ್ಲಿ ದುಷ್ಯಂತ ಶಕುಂತಲೆಗೆ ಕೊಡುವ ಉಂಗುರ ಅವನ ಹೆಸರು ಕೆತ್ತಿದ ಮುದ್ರೆಯುಂಗುರ. ಅದು ಗುರುತಿನ ವಸ್ತು, ಇಂದಿನ ಅರ್ಥದ ನಿಶ್ಚಿತಾರ್ಥದ ಉಂಗುರವಲ್ಲ. ಹರಳಿನ ಆಯ್ಕೆಯಲ್ಲಿ ನವರತ್ನದ ನಂಬಿಕೆಯೂ ಕೆಲಸ ಮಾಡುತ್ತದೆ. ಶನಿಯ ರತ್ನವಾದ ನೀಲವನ್ನು ಜಾತಕ ತೋರಿಸದೆ ತೊಡಲು ಅನೇಕರು ಒಪ್ಪುವುದಿಲ್ಲ. ಆದ್ದರಿಂದ ಬಣ್ಣದ ಹರಳು ಕೊಳ್ಳುವ ಮುಂಚೆ ಬೀಗರ ಮನೆಯವರನ್ನು ಕೇಳಿಕೊಳ್ಳುವುದು ರೂಢಿ.

ಲೋಹ ಮತ್ತು ಕಟ್ಟು

24 ಕ್ಯಾರೆಟ್ ಅಪರಂಜಿ ಉಂಗುರಕ್ಕೆ ತೀರಾ ಮೆದು. 22 ಕ್ಯಾರೆಟ್ಟಿನಲ್ಲಿ ಸಾವಿರಕ್ಕೆ 916 ಪಾಲು, 18 ಕ್ಯಾರೆಟ್ಟಿನಲ್ಲಿ 750 ಪಾಲು, 14 ಕ್ಯಾರೆಟ್ಟಿನಲ್ಲಿ 585 ಪಾಲು ಚಿನ್ನವಿರುತ್ತದೆ. ಹರಳಿಲ್ಲದ ಉಂಗುರಕ್ಕೆ 22 ಕ್ಯಾರೆಟ್ ಸಾಕು. ವಜ್ರವನ್ನು ಭದ್ರವಾಗಿ ಹಿಡಿಯಲು ಗಟ್ಟಿ ಲೋಹ ಬೇಕಾದ್ದರಿಂದ ವಜ್ರದುಂಗುರಗಳನ್ನು ಹೆಚ್ಚಾಗಿ 18 ಕ್ಯಾರೆಟ್ಟಿನಲ್ಲಿ ಮಾಡುತ್ತಾರೆ. ಪ್ಲಾಟಿನಂ ಉಂಗುರದಲ್ಲಿ ಸಾಮಾನ್ಯವಾಗಿ 950 ಪಾಲು ಶುದ್ಧ ಲೋಹವಿದ್ದು, ಅದು ಚಿನ್ನಕ್ಕಿಂತ ಭಾರ.

1886ರಲ್ಲಿ ಟಿಫನಿ ಕಂಪನಿ ಆರು ಪ್ರಾಂಗ್‌ಗಳ (ಲೋಹದ ಕೊಕ್ಕೆಗಳ) ಮೇಲೆ ವಜ್ರವನ್ನು ಎತ್ತಿ ನಿಲ್ಲಿಸುವ ಮಾದರಿಯನ್ನು ತಂದಿತು. ಹೀಗೆ ಎತ್ತರಿಸಿದ ಹರಳಿಗೆ ಬೆಳಕು ಚೆನ್ನಾಗಿ ಬೀಳುತ್ತದೆ. ಆದರೆ ಸೀರೆಯ ಎಳೆ, ಕೂದಲು, ಕೈಗವಸು ಅದಕ್ಕೆ ಸಿಕ್ಕಿಕೊಳ್ಳುತ್ತವೆ. ದಿನಾ ರೊಟ್ಟಿ ಹಿಟ್ಟು ನಾದುವವರು, ದಾದಿಯರು, ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೆ ಹರಳಿನ ಸುತ್ತ ಲೋಹದ ಅಂಚು ಕಟ್ಟಿ ತಗ್ಗಿನಲ್ಲಿ ಕೂರಿಸಿದ ಉಂಗುರ ಹೊಂದುತ್ತದೆ.

ಹರಳು

ಮೋಸ್ ಗಡಸುತನದ ಮಾಪನದಲ್ಲಿ ವಜ್ರ 10, ಮಾಣಿಕ್ಯ ಮತ್ತು ನೀಲ 9, ಪಚ್ಚೆ ಸುಮಾರು 7.5ರಿಂದ 8, ಮುತ್ತು ಸುಮಾರು 2.5. ನಿತ್ಯ ತೊಡುವ ಉಂಗುರದಲ್ಲಿ ಮುತ್ತಿಗೆ ಬೇಗ ಗೀರು ಬೀಳುತ್ತದೆ; ಒಳಗಿನ ಬಿರುಕುಗಳಿಂದಾಗಿ ಪಚ್ಚೆ ಪೆಟ್ಟು ಬಿದ್ದರೆ ಸೀಳಬಹುದು. ವಜ್ರಕ್ಕೆ ಸುಲಭವಾಗಿ ಗೀರು ಬೀಳದು, ಆದರೆ ಸರಿಯಾದ ಕೋನದಲ್ಲಿ ಪೆಟ್ಟು ಬಿದ್ದರೆ ಅದೂ ಚೂರಾಗುತ್ತದೆ.

ವಜ್ರವನ್ನು ತೂಕ, ಬಣ್ಣ, ಸ್ವಚ್ಛತೆ, ಕಡಿತ ಎಂಬ ನಾಲ್ಕು ಗುಣಗಳಿಂದ ಅಳೆಯುತ್ತಾರೆ. ಹರಳಿನ ತೂಕದಲ್ಲಿ ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ; ಅದರ ನೂರನೆಯ ಒಂದು ಪಾಲಿಗೆ ಅಂಗಡಿಯಲ್ಲಿ ‘ಸೆಂಟ್’ ಎನ್ನುತ್ತಾರೆ. ಬಣ್ಣದ ದರ್ಜೆ ‘ಡಿ’ಯಿಂದ ‘ಝಡ್’ವರೆಗೆ ಇಳಿಯುತ್ತದೆ. ಹೊಳಪಿಗೆ ಮುಖ್ಯ ಕಾರಣ ಕಡಿತ: ದುಂಡು ಬ್ರಿಲಿಯಂಟ್ ವಜ್ರಕ್ಕೆ 57 ಅಥವಾ 58 ಮುಖಗಳಿದ್ದು, ಅವುಗಳ ಪ್ರಮಾಣವನ್ನು ಮಾರ್ಸೆಲ್ ಟೋಲ್ಕೋವ್‌ಸ್ಕಿ 1919ರಲ್ಲಿ ಗಣಿತದಿಂದ ವಿವರಿಸಿದ. ಒಂದು ಕ್ಯಾರೆಟ್ಟಿನ ದುಂಡು ವಜ್ರದ ಅಗಲ ಸುಮಾರು 6.5 ಮಿ.ಮೀ., 90 ಸೆಂಟಿನದು ಸುಮಾರು 6.2 ಮಿ.ಮೀ. ಕಣ್ಣಿಗೆ ವ್ಯತ್ಯಾಸ ಅಷ್ಟಾಗಿ ತಿಳಿಯದು, ಆದರೆ ಪೂರ್ಣ ಕ್ಯಾರೆಟ್ ಮುಟ್ಟಿದೊಡನೆ ಪ್ರತಿ ಕ್ಯಾರೆಟ್ಟಿನ ದರವೇ ಜಿಗಿಯುತ್ತದೆ.

ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವೂ ಇಂಗಾಲದ ಹರಳೇ. ಬರಿಗಣ್ಣು ಅದನ್ನು ಗಣಿಯ ವಜ್ರದಿಂದ ಬೇರ್ಪಡಿಸಲಾರದು. ಬೆಲೆ ಮಾತ್ರ ಬಹಳ ಕಡಿಮೆ, ಮರುಮಾರಾಟದ ಬೆಲೆ ಇನ್ನೂ ಕಡಿಮೆ. ವಜ್ರದ ಪರೀಕ್ಷಾ ವರದಿಯಲ್ಲಿ ಮೂಲ ಯಾವುದೆಂದು ನಮೂದಿಸಿರಬೇಕು. ಜಿಐಎ, ಐಜಿಐಯಂಥ ರತ್ನ ಪರೀಕ್ಷಾ ಸಂಸ್ಥೆಗಳು ಈ ವರದಿ ಕೊಡುತ್ತವೆ. ಅದರ ಸಂಖ್ಯೆಯನ್ನು ಹಲವು ವಜ್ರಗಳಲ್ಲಿ ಸೊಂಟದಂಥ ಸುತ್ತಂಚಿನ ಮೇಲೆ ಲೇಸರಿನಿಂದ ಬರೆದಿರುತ್ತಾರೆ.

ಅಳತೆ

ಬೆರಳು ಬೆಳಗ್ಗೆ ಮತ್ತು ಚಳಿಯಲ್ಲಿ ತೆಳ್ಳಗಾಗಿ, ಸೆಕೆಯಲ್ಲಿ ಮತ್ತು ಸಂಜೆ ಊದಿಕೊಳ್ಳುತ್ತದೆ; ಸಂಜೆಯ ಅಳತೆಯೇ ಮೇಲು. ಉಂಗುರ ಗೆಣ್ಣಿನ ಮೇಲೆ ತುಸು ಬಿಗಿಯಾಗಿ ಹಾದು, ಬುಡದಲ್ಲಿ ತಿರುಗದೆ ನಿಲ್ಲಬೇಕು. ಅಗಲವಾದ ಉಂಗುರಕ್ಕೆ ಸ್ವಲ್ಪ ದೊಡ್ಡ ಅಳತೆ ಬೇಕು. ಗುಟ್ಟಾಗಿ ಕೊಳ್ಳುವವರು ಆಕೆಯ ಹಳೆಯ ಉಂಗುರವನ್ನು ಒಯ್ದು ಅಳೆಸುತ್ತಾರೆ. ಅದು ಅದೇ ಕೈಯ ಅದೇ ಬೆರಳಿನದಾಗಿರಬೇಕು. ಸುತ್ತಲೂ ಹರಳು ಕೂರಿಸಿದ ಉಂಗುರವನ್ನು ಆಮೇಲೆ ಹಿಗ್ಗಿಸುವುದು, ಕುಗ್ಗಿಸುವುದು ಕಷ್ಟ.

ಖರೀದಿ

ಭಾರತದಲ್ಲಿ ಚಿನ್ನದ ಒಡವೆಗೆ ಶುದ್ಧತೆಯ ಮುದ್ರೆಯಾದ ಹಾಲ್‌ಮಾರ್ಕ್ 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾಯಿತು. ಉಂಗುರದ ಒಳಮೈಯಲ್ಲಿ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಚಿಹ್ನೆ, ಶುದ್ಧತೆ ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ ಇರುತ್ತವೆ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಪರೀಕ್ಷಿಸಬಹುದು. ಎರಡು ಗ್ರಾಂಗಿಂತ ಹಗುರ ಒಡವೆಗೆ ವಿನಾಯಿತಿ ಇರುವುದರಿಂದ ತೆಳು ಉಂಗುರಗಳಲ್ಲಿ ಗುರುತು ಇಲ್ಲದಿರಬಹುದು. ಹಾಲ್‌ಮಾರ್ಕ್ ಚಿನ್ನದ ಮಾತು ಹೇಳುತ್ತದೆ, ಹರಳಿನದಲ್ಲ.

ಬಿಲ್ಲಿನಲ್ಲಿ ಒಟ್ಟು ತೂಕ ಮತ್ತು ನಿವ್ವಳ ಚಿನ್ನದ ತೂಕ ಬೇರೆಬೇರೆ ಇರಬೇಕು. ಒಂದು ಕ್ಯಾರೆಟ್ ಹರಳಿರುವ 4 ಗ್ರಾಂ ಉಂಗುರದಲ್ಲಿ ಚಿನ್ನ 3.8 ಗ್ರಾಂ ಮಾತ್ರ. ಹರಳಿನ ಬೆಲೆ, ಮಜೂರಿ, ಶೇ. 3ರ ಜಿಎಸ್‌ಟಿ ಪ್ರತ್ಯೇಕ. ವಾಪಸು ಕೊಂಡರೆ ಎಷ್ಟು ಕಳೆಯುತ್ತಾರೆ ಎಂಬುದನ್ನೂ ಬರೆಸಿಕೊಳ್ಳುವುದು ಒಳ್ಳೆಯದು.

ಕಾನೂನು

ನಿಶ್ಚಿತಾರ್ಥ ಮುರಿದರೆ ಉಂಗುರ ಯಾರದೆಂಬುದಕ್ಕೆ ದೇಶಕ್ಕೊಂದು ಉತ್ತರ. ಇಂಗ್ಲೆಂಡಿನ 1970ರ ಕಾಯ್ದೆ ಅದನ್ನು ಪೂರ್ಣ ಉಡುಗೊರೆಯೆಂದು ಭಾವಿಸುತ್ತದೆ. ಷರತ್ತಿನ ಮೇಲೆ ಕೊಟ್ಟದ್ದೆಂದು ಸಾಬೀತಾದರೆ ಹಿಂದಿರುಗಿಸಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ಸರ್ವೋಚ್ಚ ನ್ಯಾಯಾಲಯ 2024ರಲ್ಲಿ, ತಪ್ಪು ಯಾರದಾದರೂ ಉಂಗುರ ಕೊಟ್ಟವರಿಗೇ ಮರಳಬೇಕೆಂದು ತೀರ್ಪಿತ್ತಿತು. ಭಾರತದಲ್ಲಿ ಸ್ವಇಚ್ಛೆಯ ಉಂಗುರ ಉಡುಗೊರೆಯಾದರೂ, ಮದುವೆಯ ಷರತ್ತಾಗಿ ಒಡವೆ ಕೇಳುವುದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯಡಿ ಅಪರಾಧವಾಗಬಹುದು.