ಬೆರಳಿಗೆ ಸಿಕ್ಕ ಅಕ್ಷರ

ನಾವೆಲ್ಲ ಅ ಆ ಇ ಈ ಕಲಿತದ್ದು ಕಣ್ಣಿಂದ ನೋಡಿ, ಕಿವಿಯಿಂದ ಕೇಳಿ. ಎರಡೂ ಇಲ್ಲದ ಮಗುವಿಗೆ?

1837ರಲ್ಲಿ ಅಮೆರಿಕದ ಬಾಸ್ಟನ್ನಿನ ಅಂಧರ ಶಾಲೆಗೆ ಅಂಥ ಬಾಲಕಿ ಲಾರಾ ಬ್ರಿಜ್‌ಮನ್ ಬಂದಳು. ವಯಸ್ಸು ಏಳು. ಶಾಲೆಯ ಮುಖ್ಯಸ್ಥ ಸ್ಯಾಮ್ಯುಯೆಲ್ ಹೋವ್ ಚಮಚ, ಬೀಗದ ಕೈಗಳಿಗೆ ಉಬ್ಬಕ್ಷರದ ಚೀಟಿ ಅಂಟಿಸಿದರು. ಮೊದಲು ವಸ್ತುವಿನ ಹೆಸರು. ಆಮೇಲೆ ಅದೇ ಹೆಸರಿನ ಬಿಡಿ ಅಕ್ಷರಗಳು. ಮುಂದೆ ಅಂಗೈಯಲ್ಲಿ ಬೆರಳಿನಿಂದ ಮೂಡಿಸುವ ಅಕ್ಷರಗಳನ್ನೂ ಕಲಿತಳು. ಅದೇ ಶಾಲೆಯಲ್ಲಿ ಓದುವಾಗ ಲಾರಾಳೊಡನೆ ಮಾತಾಡಲೆಂದು ಆ ಬೆರಳಕ್ಷರ ಕಲಿತ ಆನ್ ಸಲಿವನ್, 1887ರಲ್ಲಿ ಹೆಲೆನ್ ಕೆಲರ್‌ಗೆ ಗುರುವಾದರು.

ಸಾಫ್ಟ್‌ವೇರ್ ಬರೆಯುವ ನನಗೆ ಈ ಇತಿಹಾಸ ಹೇಳುವುದಿಷ್ಟೇ: ದಾರಿ ಬದಲಿಸಿಕೊಳ್ಳಬೇಕಾದವರು ಕಲಿಸುವವರು. ಐವತ್ತು ತುಂಬಿದ ನಮ್ಮ ಶಾಲೆಯ ಬಾಗಿಲಿನಿಂದ ಅಂಥ ಯಾವ ಮಗುವೂ ಹಿಂದಿರುಗದಿರಲಿ.