ಒಂದು ‘ಮೇ’, ಒಂದು ‘ಶಲ್’ ಮತ್ತು ನಮ್ಮ ಸಂಸತ್ತು

ರಿಕ್ವೈರ್‌ಮೆಂಟ್ ದಾಖಲೆ ಓದೋ ನಿಮಗೆ ಈ ಕಥೆ ಬೇಗ ಹಿಡಿಸತ್ತೆ. ‘ಶಲ್’ ಅಂದರೆ ಮಾಡಲೇಬೇಕು. ‘ಶುಡ್’ ಅಂದರೆ ಸರಿಯಾದ ಕಾರಣ ಇದ್ದರೆ ಮಾತ್ರ ಬಿಡಬಹುದು. ‘ಮೇ’ ಅಂದರೆ ನಿಮ್ಮಿಷ್ಟ. ಇಂಟರ್ನೆಟ್ ಮಾನದಂಡಗಳಿಗಾಗಿ 1997ರಲ್ಲಿ ಬಂದ ಆರ್‌ಎಫ್‌ಸಿ 2119 ಹೀಗೇ ಹೇಳತ್ತೆ. ನಮ್ಮ ಸಂಸತ್ತಿನಲ್ಲಿ ಅದಕ್ಕಿಂತ ಮೂರು ದಶಕ ಮೊದಲೇ ಇದೇ ಪದಗಳ ಮೇಲೆ ಜಗಳ ಆಗಿತ್ತು.

ಸಂವಿಧಾನದ 343ನೇ ವಿಧಿ ಹಿಂದಿಯನ್ನು ಒಕ್ಕೂಟದ ಅಧಿಕೃತ ಭಾಷೆ ಮಾಡಿತು. ಇಂಗ್ಲಿಷ್ 15 ವರ್ಷ ಮುಂದುವರಿಯತಕ್ಕದ್ದು ಅಂತಲೂ ಹೇಳಿತು. ಅದು ‘ಶಲ್’. ಆಮೇಲೆ? ಸಂಸತ್ತು ಕಾನೂನು ಮಾಡಬಹುದು. ಅದು ‘ಮೇ’. ಗಡುವು 1965ರ ಜನವರಿ 26.

ಹಿಂದಿಯೇತರರು ಬಯಸುವವರೆಗೂ ಇಂಗ್ಲಿಷ್ ಇರತ್ತೆ ಅಂತ ನೆಹರೂ 1959ರಲ್ಲೇ ಭರವಸೆ ಕೊಟ್ಟಿದ್ದರು. ಆದರೆ 1963ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಬಂದಿದ್ದು ‘ಮೇ’: ಇಂಗ್ಲಿಷ್ ಮುಂದುವರಿಯಬಹುದು. ಬಹುದು ಅಂದರೆ ಬಿಡಲೂಬಹುದು ಅಲ್ವಾ? ಭರವಸೆ ನಿಜವಾದರೆ ‘ಶಲ್’ ಅಂತಲೇ ಬರೀರಿ ಅನ್ನೋದು ಅಣ್ಣಾದೊರೈ ಥರದವರ ವಾದ.

1964ರಲ್ಲಿ ನೆಹರೂ ತೀರಿಕೊಂಡರು. ಮಾತು ಕೊಟ್ಟವರೇ ಇಲ್ಲ, ಉಳಿದಿದ್ದು ಆ ‘ಮೇ’ ಮಾತ್ರ. ಮರುವರ್ಷ ಗಡುವಿನ ಹೊತ್ತಿಗೆ ಮದರಾಸು ರಾಜ್ಯ ಹೊತ್ತಿ ಉರಿಯಿತು, ಜೀವಗಳು ಹೋದವು. ಫೆಬ್ರವರಿಯಲ್ಲಿ ಶಾಸ್ತ್ರಿಯವರು ರೇಡಿಯೋದಲ್ಲಿ ನೆಹರೂ ಭರವಸೆಯನ್ನು ಉಳಿಸಿಕೊಳ್ಳುತ್ತೇವೆ ಅಂದರು. 1967ರ ತಿದ್ದುಪಡಿ ಅದನ್ನು ಕಾನೂನಿಗೇ ಸೇರಿಸಿತು. ಹಿಂದಿಯನ್ನು ಒಪ್ಪಿಕೊಳ್ಳದ ರಾಜ್ಯಗಳ ಜೊತೆ ಒಕ್ಕೂಟದ ಪತ್ರವ್ಯವಹಾರಕ್ಕೆ ಇಂಗ್ಲಿಷ್ ಬಳಸತಕ್ಕದ್ದು. ಇದನ್ನು ಕೈಬಿಡಬೇಕಾದರೆ ಅಂಥ ಎಲ್ಲಾ ರಾಜ್ಯಗಳ ಶಾಸನಸಭೆಗಳೂ ನಿರ್ಣಯ ಮಾಡಿರಬೇಕು. ಮೂಲ ವಾಕ್ಯದಲ್ಲಿ ‘ಮೇ’ ಇವತ್ತಿಗೂ ಇದೆ, ಆದರೆ ಅದರ ಸುತ್ತ ‘ಶಲ್’ ಬೇಲಿ ಹಾಕಿದೆ.

ನಾನಿರೋ ಸನತ್‌ನಗರದಲ್ಲಿ ತೆಲುಗಿನ ‘ಚೆಯ್ಯೊಚ್ಚು’ ದಿನಾ ಕಿವಿಗೆ ಬೀಳತ್ತೆ. ನಮ್ಮ ‘ಮಾಡಬಹುದು’ ಹಾಗೇನೇ ಅದರಲ್ಲೂ ಅನುಮತಿ, ಊಹೆ ಎರಡೂ ಇವೆ. “ಹೋಗಬಹುದು” ಅಂದರೆ ಒಪ್ಪಿಗೆ. “ಮಳೆ ಬರಬಹುದು” ಅಂದರೆ ಅಂದಾಜು. ಅದಕ್ಕೇ ನಮ್ಮ ಕಾನೂನು ಕನ್ನಡ ‘ತಕ್ಕದ್ದು’ ಅನ್ನೋ ಗಟ್ಟಿ ಪದ ಇಟ್ಟುಕೊಂಡಿದೆ.

ಇದು ತಮಿಳರ ಜಗಳ ಮಾತ್ರ ಅಂದ್ಕೋಬೇಡಿ. ಕಲಬುರಗಿ, ರಾಯಚೂರು, ಬೀದರ್ 1956ರ ನವೆಂಬರ್ 1ರ ತನಕ ಇದೇ ಹೈದರಾಬಾದಿನ ಆಡಳಿತದಲ್ಲಿದ್ದವು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಸರ್ಕಾರ ನಮ್ಮ ಭಾಷೇಲಿ ಮಾತಾಡದಿದ್ದರೆ ಏನಾಗತ್ತೆ ಅಂತ ಅಲ್ಲಿನ ಹಿರಿಯರು ಬಲ್ಲರು.

ಭರವಸೆ ಕೊಟ್ಟವರ ಮನಸ್ಸು ಒಳ್ಳೆಯದೇ ಇರಬಹುದು. ಅವರು ಹೋದಮೇಲೆ ಓದೋದು ಬರೆದ ಪದವನ್ನೇ. ನಿಮ್ಮ ಮುಂದಿನ ಆಫರ್ ಲೆಟರ್‌ನಲ್ಲಿ ಬೋನಸ್ ಪಕ್ಕ ಯಾವ ಪದ ಇದೆ, ಸಹಿ ಹಾಕೋ ಮುಂಚೆ ನೋಡಿ.