ಪಾಲಕತ್ವದಿಂದ ಯೋಗಕ್ಷೇಮದೆಡೆಗೆ: ಸೊಲ್ಲಾಪುರ–ಅಕ್ಕಲಕೋಟೆ ಭಾಗದ ವಸತಿಗೃಹ, ಕಾಲೇಜು ಮತ್ತು ಭಾಷೆ

ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರು ಕಾಲೇಜಿನ ಅರ್ಜಿಯಲ್ಲಿ ತಂದೆತಾಯಿಯರಿಗೆ ಬಳಸುವ ಶಬ್ದ 'ಪಾಲಕ'. ಮರಾಠಿಯಲ್ಲಿಯೂ ಅದೇ ಶಬ್ದ. ಧಾರವಾಡ, ವಿಜಯಪುರಗಳ ಕನ್ನಡದಲ್ಲಿಯೂ ಅದೇ. ಮೈಸೂರು ಸೀಮೆಯ ಕನ್ನಡದಲ್ಲಿ ಆ ಜಾಗದಲ್ಲಿ 'ಪೋಷಕ' ಕುಳಿತಿದೆ. ಎರಡೂ ಸಂಸ್ಕೃತದಿಂದ ಬಂದವು, ಅರ್ಥದಲ್ಲಿ ನೆರೆಹೊರೆಯವು. ಆದರೆ 'ಪಾಲಿಸು' ಎಂಬ ಕ್ರಿಯಾಪದಕ್ಕೆ ಎರಡು ಮುಖಗಳಿವೆ: ಹಿರಿಯರು ಮಕ್ಕಳನ್ನು ಪಾಲಿಸುತ್ತಾರೆ, ಮಕ್ಕಳು ಹಿರಿಯರ ಮಾತನ್ನು ಪಾಲಿಸುತ್ತಾರೆ. ರಕ್ಷಣೆಯೂ ಆಜ್ಞಾಧಾರಕತೆಯೂ ಒಂದೇ ಧಾತುವಿನಲ್ಲಿ ಕೂಡಿಕೊಂಡಿವೆ. ಪೋಷಣೆಗೆ ಆ ಎರಡನೆಯ ಮುಖವಿಲ್ಲ. ಈ ಭಾಗದ ಶಿಕ್ಷಣ ಸಂಸ್ಥೆಗಳು ಕಳೆದ ನೂರು ವರ್ಷಗಳಲ್ಲಿ ವಿದ್ಯಾರ್ಥಿಯ ಮೇಲೆ ನಡೆಸಿದ ಪಾಲಕತ್ವದ ಚರಿತ್ರೆಯನ್ನು ಬರೆಯಹೊರಟವರಿಗೆ ಈ ಶಬ್ದಭೇದವೇ ಮೊದಲ ದಾಖಲೆ.

ಪಾಶ್ಚಾತ್ಯ ಕಾನೂನಿನಲ್ಲಿ ಈ ಅಧಿಕಾರಕ್ಕೆ 'ಇನ್ ಲೋಕೋ ಪೇರೆಂಟಿಸ್' ಎಂದು ಹೆಸರು. ತಂದೆತಾಯಿಯರ ಸ್ಥಾನದಲ್ಲಿ ನಿಲ್ಲುವುದು ಎಂದರ್ಥ. ತಂದೆ ತನ್ನ ಅಧಿಕಾರದ ಒಂದು ಭಾಗವನ್ನು ಗುರುವಿಗೆ ವಹಿಸಿಕೊಡಬಲ್ಲನೆಂದು ಬ್ಲ್ಯಾಕ್‌ಸ್ಟೋನ್ 18ನೆಯ ಶತಮಾನದಲ್ಲಿ ಬರೆದ. ಅಮೆರಿಕದ ಕೆಂಟಕಿಯ ಬೆರಿಯಾ ಕಾಲೇಜು ತನ್ನ ವಿದ್ಯಾರ್ಥಿಗಳು ಹೊರಗಿನ ಖಾನಾವಳಿಗಳಲ್ಲಿ ಉಣ್ಣಬಾರದೆಂದು ನಿಯಮ ಮಾಡಿದಾಗ, ಗಿರಾಕಿಗಳನ್ನು ಕಳೆದುಕೊಂಡ ಗಾಟ್ ಎಂಬ ಖಾನಾವಳಿಯವ ಕೋರ್ಟಿಗೆ ಹೋದ. 1913ರಲ್ಲಿ ನ್ಯಾಯಾಲಯವು ಕಾಲೇಜಿನ ಪರವಾಗಿ ನಿಂತಿತು: ಕಾಲೇಜು ತಂದೆಯಂತೆ, ಮಗ ಎಲ್ಲಿ ಉಣ್ಣಬೇಕೆಂಬುದನ್ನು ಅದು ನಿರ್ಧರಿಸಬಹುದು. ಈ ಸಿದ್ಧಾಂತ ಮುರಿದದ್ದು 1961ರ ಡಿಕ್ಸನ್ ಪ್ರಕರಣದಲ್ಲಿ. ಅಲಬಾಮಾದ ಕಪ್ಪು ವಿದ್ಯಾರ್ಥಿಗಳು ನ್ಯಾಯಾಲಯದ ಕಟ್ಟಡದಲ್ಲಿದ್ದ, ಬಿಳಿಯರಿಗೆ ಮೀಸಲಾದ ಊಟದ ಮಳಿಗೆಯಲ್ಲಿ ಧರಣಿ ಕುಳಿತಿದ್ದರು. ಅವರ ಮಾತನ್ನು ಕೇಳದೆಯೇ ಕಾಲೇಜು ಅವರನ್ನು ಹೊರಹಾಕಿತ್ತು. ಸರಕಾರಿ ಕಾಲೇಜು ಹಾಗೆ ಮಾಡಕೂಡದೆಂದು ಮೇಲ್ಮನವಿಯ ನ್ಯಾಯಾಲಯ ಹೇಳಿತು. ಎರಡೂ ಪ್ರಕರಣಗಳು ಊಟದ ಜಾಗವೊಂದರಿಂದ ಹುಟ್ಟಿದವು ಎಂಬುದನ್ನು ಕಾನೂನಿನ ಚರಿತ್ರಕಾರರು ಹೆಚ್ಚು ಲಕ್ಷಿಸುವುದಿಲ್ಲ. ನಮ್ಮ ಭಾಗದ ಕಥೆಯೂ ಅನ್ನದಿಂದಲೇ ಆರಂಭವಾಗುತ್ತದೆಯಾದ್ದರಿಂದ ಅದನ್ನಿಲ್ಲಿ ನೆನೆದೆ.

1940ರಲ್ಲಿ ದಯಾನಂದ ಕಾಲೇಜು ಆರಂಭವಾಗುವುದಕ್ಕೆ ಮೊದಲು ಉನ್ನತ ಶಿಕ್ಷಣಕ್ಕಾಗಿ ಇಲ್ಲಿನ ತರುಣರು ಪುಣೆಗೋ ಕೊಲ್ಹಾಪುರಕ್ಕೋ, ಕರ್ನಾಟಕ ಕಾಲೇಜು ಬಂದ ಮೇಲೆ ಧಾರವಾಡಕ್ಕೋ ಹೋಗಬೇಕಿತ್ತು. ಊರು ಬಿಟ್ಟ ಹುಡುಗನಿಗೆ ಕಾಲೇಜಿಗಿಂತ ಮೊದಲು ಬೇಕಾದದ್ದು ತಲೆಯ ಮೇಲೊಂದು ಸೂರು, ಎರಡು ಹೊತ್ತಿನ ಊಟ. ಕೊಲ್ಹಾಪುರದ ಶಾಹೂ ಮಹಾರಾಜರು 1901ರಿಂದ ಮರಾಠಾ, ಜೈನ, ಮುಸ್ಲಿಂ, ಲಿಂಗಾಯತ ಮುಂತಾದ ಸಮುದಾಯಗಳ ವಸತಿಗೃಹಗಳಿಗೆ ಆಸರೆಯಾದರು. ಧಾರವಾಡದ ಮುರುಘಾಮಠದ ಪ್ರಸಾದನಿಲಯ ಉತ್ತರ ಕರ್ನಾಟಕದ ಒಂದು ತಲೆಮಾರನ್ನೇ ಓದಿಸಿತು. ಈ ನಿಲಯಗಳ ಶಿಸ್ತು ಬಿರುಸಾದದ್ದು: ಬೆಳಗಿನ ಜಾವದ ಏಳುವಿಕೆ, ಪ್ರಾರ್ಥನೆ, ಪಂಕ್ತಿಯ ಊಟ, ಮೇಲ್ವಿಚಾರಕರ ಕಣ್ಣು. ಆದರೆ ಅಲ್ಲಿನ ಅಧಿಕಾರ ನಿಂತದ್ದು ದಂಡನೆಯ ಮೇಲಲ್ಲ, ಋಣದ ಮೇಲೆ. ಉಂಡ ಮನೆಗೆ ಎರಡು ಬಗೆಯಬಾರದೆಂಬುದನ್ನು ಯಾರೂ ಗೋಡೆಯ ಮೇಲೆ ಬರೆಯಬೇಕಾಗಿರಲಿಲ್ಲ. ಪ್ರಸಾದವನ್ನು ಉಣ್ಣುವವನು ದೂರು ಹೇಳಲಾರ. ವಿದ್ಯಾರ್ಥಿಯ ಸಂಕಟಕ್ಕೆ ಶಬ್ದವೇ ಹುಟ್ಟದಂತೆ ಮಾಡುವ ಈ ಬಗೆಯ ಪಾಲನೆ ಬೆರಿಯಾ ಕಾಲೇಜಿನ ನಿಯಮಾವಳಿಗಿಂತ ಸೂಕ್ಷ್ಮವಾದದ್ದು, ಬಿಡಿಸಿಕೊಳ್ಳುವುದಕ್ಕೂ ಕಠಿಣವಾದದ್ದು.

ಇದೇ ಕಾಲದಲ್ಲಿ ಸೊಲ್ಲಾಪುರದಲ್ಲಿಯೇ ಇನ್ನೊಂದು ಮಾದರಿ ರೂಪುಗೊಂಡಿತು. ಡಾ. ಬಿ.ಆರ್. ಅಂಬೇಡ್ಕರರು 1924ರ ಜುಲೈಯಲ್ಲಿ ಮುಂಬಯಿಯಲ್ಲಿ ಬಹಿಷ್ಕೃತ ಹಿತಕಾರಿಣೀ ಸಭೆಯನ್ನು ಸ್ಥಾಪಿಸಿದರು. ಆರು ತಿಂಗಳೊಳಗೆ, 1925ರ ಜನವರಿ 4ರಂದು, ಸಭೆಯ ವಸತಿಗೃಹ ಸೊಲ್ಲಾಪುರದಲ್ಲಿ ತೆರೆಯಿತು. ಹೈಸ್ಕೂಲಿನಲ್ಲಿ ಓದುವ ಅಸ್ಪೃಶ್ಯ ವಿದ್ಯಾರ್ಥಿಗಳ ಊಟ, ಬಟ್ಟೆ, ಲೇಖನಸಾಮಗ್ರಿಗಳ ವೆಚ್ಚವನ್ನು ಸಭೆ ಹೊತ್ತಿತು. ಸೊಲ್ಲಾಪುರದ ನಗರಸಭೆ ತಿಂಗಳಿಗೆ 40 ರೂಪಾಯಿಗಳ ಅನುದಾನ ಕೊಟ್ಟಿತು. ಈ ನಲವತ್ತು ರೂಪಾಯಿ ನನಗೆ ಬಹಳ ಮಹತ್ವದ್ದೆನಿಸುತ್ತದೆ. ಅದು ಮಠದ ಪ್ರಸಾದವಲ್ಲ, ದೊರೆಯ ಔದಾರ್ಯವೂ ಅಲ್ಲ. ಊರಿನ ತೆರಿಗೆಯ ಹಣ, ಅಂದರೆ ನಾಗರಿಕನ ಪಾಲು. ಇಲ್ಲಿ ವಸತಿಗೃಹವು ತಂದೆಯ ಅಧಿಕಾರವನ್ನು ಎರವಲು ಪಡೆಯುವ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ಕೆರೆಯ ನೀರನ್ನೂ ಮುಟ್ಟಲಾಗದ ತಂದೆಗೆ ಎರವಲು ಕೊಡುವಷ್ಟು ಅಧಿಕಾರವೇ ಇರಲಿಲ್ಲ. ಮನೆ ಕೊಡಲಾರದ್ದನ್ನು, ಅಂದರೆ ತಲೆಯೆತ್ತಿ ಕೂತು ಓದುವ ನೆಲೆಯನ್ನು, ಸಂಸ್ಥೆ ಕೊಡಬೇಕಾಯಿತು. ವಿದ್ಯಾರ್ಥಿಯ ಸರ್ವಾಂಗೀಣ ಕ್ಷೇಮ ಎಂದು ನಾವು ಇಂದು ಹೇಳುವುದರ ಪೂರ್ವರೂಪವನ್ನು ಈ ಭಾಗದಲ್ಲಿ ಹುಡುಕುವವರು ಕಾಲೇಜುಗಳಿಗಿಂತ ಮೊದಲು ಈ ಮನೆಯನ್ನು ನೋಡಬೇಕು.

ಕಾಲೇಜುಗಳು ಬಂದವು. ಹೈದರಾಬಾದು ಸಂಸ್ಥಾನದ ವಿರುದ್ಧ ಆರ್ಯಸಮಾಜದ ಸತ್ಯಾಗ್ರಹಕ್ಕೆ ಸೊಲ್ಲಾಪುರ ನೆಲೆಯಾಗಿತ್ತು. ದಯಾನಂದ ಕಾಲೇಜು ಅದರ ಮರುವರ್ಷದ್ದು, ಗುರುಕುಲದ ಆದರ್ಶವನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದದ್ದು. ಸಂಗಮೇಶ್ವರ ಕಾಲೇಜು 1953ರದು. ಅಕ್ಕಲಕೋಟೆಯ ಖೇಡಗಿ ಕಾಲೇಜಿನ ಪೂರ್ಣನಾಮದಲ್ಲಿ ವಿಜ್ಞಾನಕ್ಕೆ ಬಸವೇಶ್ವರ, ವಾಣಿಜ್ಯಕ್ಕೆ ರಾಜಾ ವಿಜಯಸಿಂಹ, ಕಲೆಗೆ ರಾಜಾ ಜಯಸಿಂಹ ಇದ್ದಾರೆ. ಸಂಸ್ಥಾನ 1948ರಲ್ಲಿ ವಿಲೀನವಾದರೂ ಪ್ರಜೆಯೆಂದರೆ ಸಂತಾನವೂ ಹೌದೆಂಬ ಹಳೆಯ ಅರ್ಥ ಹೆಸರಿನಲ್ಲಿ ಉಳಿದಂತಿದೆ. ಪುಣೆ ವಿಶ್ವವಿದ್ಯಾಲಯ, 1962ರ ನಂತರ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ, 2004ರಿಂದ ಸೊಲ್ಲಾಪುರದ್ದೇ ಆದ ವಿಶ್ವವಿದ್ಯಾಲಯ ಎಂದು ಆಡಳಿತ ಬದಲಾಗುತ್ತ ಹೋಯಿತು. ಹೆಚ್ಚು ಅರ್ಥಪೂರ್ಣವಾದ ಬದಲಾವಣೆ ಕಾಯ್ದೆಗಳ ಶಬ್ದಗಳಲ್ಲಿದೆ. ಮಹಾರಾಷ್ಟ್ರದ 1994ರ ವಿಶ್ವವಿದ್ಯಾಲಯ ಕಾಯ್ದೆಯಲ್ಲಿ 'ವಿದ್ಯಾರ್ಥಿ ಕಲ್ಯಾಣ ಮಂಡಳ' ಇತ್ತು. ಅದೇ ಕಾಯ್ದೆ ವಿದ್ಯಾರ್ಥಿಗಳ ನೇರ ಚುನಾವಣೆಯ ಬದಲು ಅಂಕಗಳ ಆಧಾರದ ಪ್ರತಿನಿಧಿತ್ವವನ್ನು ತಂದಿತು. ಕಲ್ಯಾಣವನ್ನು ಕೊಟ್ಟು ಧ್ವನಿಯನ್ನು ತೆಗೆದುಕೊಂಡ ಈ ವಿನಿಮಯ ಪಾಲಕತ್ವದ ಶುದ್ಧ ಉದಾಹರಣೆ. 2016ರ ಕಾಯ್ದೆಯಲ್ಲಿ ಚುನಾವಣೆಗೆ ಮತ್ತೆ ಅವಕಾಶ ಬಂತು, ಮಂಡಳದ ಹೆಸರು 'ವಿದ್ಯಾರ್ಥಿ ವಿಕಾಸ' ಎಂದಾಯಿತು. ನಮ್ಮ ಪರಂಪರೆಯ 'ಯೋಗಕ್ಷೇಮ' ಯಾವ ಕಾಯ್ದೆಗೂ ಹೊಳೆಯಲಿಲ್ಲ. ಇಲ್ಲದ್ದನ್ನು ದೊರಕಿಸುವುದು ಯೋಗ, ಇದ್ದದ್ದನ್ನು ಕಾಯುವುದು ಕ್ಷೇಮ. ಆಜ್ಞೆಗೆ ಅದರಲ್ಲಿ ಎಡೆಯಿಲ್ಲ.

1875ರ ಕಾಯ್ದೆಯ ಪ್ರಕಾರ 18 ತುಂಬಿದವರು ಪ್ರಾಪ್ತವಯಸ್ಕರು. ಆದರೂ ರ‍್ಯಾಗಿಂಗ್ ತಡೆಗೆ ಯುಜಿಸಿ 2009ರಲ್ಲಿ ತಂದ ನಿಯಮಗಳು ವಿದ್ಯಾರ್ಥಿಯೊಂದಿಗೆ ಪಾಲಕರ ಪ್ರಮಾಣಪತ್ರವನ್ನೂ ಕೇಳುತ್ತವೆ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಎರಡು ಮನಸ್ಸು ಇನ್ನೂ ಸ್ಪಷ್ಟ. ಸಂಜೆಯ ಹೊತ್ತು ಮೊಬೈಲು ಒಪ್ಪಿಸಬೇಕೆಂಬ ನಿಯಮವನ್ನು ಒಪ್ಪದೆ ವಸತಿಗೃಹದಿಂದ ಹೊರಬಿದ್ದ ವಿದ್ಯಾರ್ಥಿನಿಯನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಕೇರಳ ಹೈಕೋರ್ಟು ಆದೇಶಿಸಿದ್ದು 2019ರಲ್ಲಿ. ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಿಂದ ಬರುವ ಹುಡುಗಿಗೆ ವಾರ್ಡನ್‌ಗಿಂತ ಕೊನೆಯ ಎಸ್.ಟಿ. ಬಸ್ಸೇ ದೊಡ್ಡ ಪಾಲಕ. 12ನೆಯ ತರಗತಿಯವರೆಗೆ ಅವಳಿಗೆ ಅಹಿಲ್ಯಾಬಾಯಿ ಹೋಳ್ಕರ ಹೆಸರಿನ ಉಚಿತ ಪಾಸು ಉಂಟು. ಯೋಗಕ್ಷೇಮದ ಲೆಕ್ಕ ಹಾಕುವಾಗ ಇಂಥ ಪಾಸನ್ನು ಮರೆಯುವ ಪ್ರಬಂಧಗಳನ್ನು ನಾನು ನಂಬುವುದಿಲ್ಲ.

ಈಚಿನ ವರ್ಷಗಳಲ್ಲಿ ಕಾನೂನು ಮನಸ್ಸಿನ ಕಡೆ ಹೊರಳಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿ, 2023ರ ಯುಜಿಸಿ ಮಾರ್ಗಸೂಚಿಗಳ ನಂತರ, 2025ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯ ವಿದ್ಯಾರ್ಥಿಗಳ ಆತ್ಮಹತ್ಯೆಗಳ ಕುರಿತು ರಾಷ್ಟ್ರೀಯ ಕಾರ್ಯಪಡೆಯನ್ನು ನೇಮಿಸಿತು. ಅದೇ ಜುಲೈಯ ತೀರ್ಪಿನಲ್ಲಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತ ಸಮಾಲೋಚಕರಿರಬೇಕೆಂದಿತು. ನ್ಯಾಕ್ ಮೌಲ್ಯಮಾಪನ ಮಾರ್ಗದರ್ಶಕ–ವಿದ್ಯಾರ್ಥಿ ಪ್ರಮಾಣವನ್ನು ಕೇಳತೊಡಗಿದ ಮೇಲೆ ಅಧ್ಯಾಪಕರ ಹೆಸರಿನಲ್ಲಿ ಗುಂಪುಗಳು ಹಂಚಿಕೆಯಾದವು.

ಆದರೆ ಯಾವ ಭಾಷೆಯ ಸಮಾಲೋಚಕ? ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಬಾಲಭಾರತಿ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚುಹಾಕುತ್ತದೆ. ಅಲ್ಲಿಂದ ಕಾಲೇಜಿಗೆ ಬರುವ ವಿದ್ಯಾರ್ಥಿ ಕನ್ನಡವನ್ನು ಬಿಟ್ಟು ಮರಾಠಿ ಅಥವಾ ಇಂಗ್ಲಿಷ್ ತರಗತಿಯೊಳಗೆ ಕಾಲಿಡುತ್ತಾನೆ. ಮನೆ ಬಿಟ್ಟ ಮೊದಲ ವರ್ಷದ ಕಳವಳ ಮತ್ತು ಭಾಷೆ ಬಿಟ್ಟ ಕಳವಳ ಅವನಿಗೆ ಒಟ್ಟಿಗೇ ಬರುತ್ತವೆ. ಅವನು ಎದುರಿಸುವ ಮರಾಠಿ ಶಬ್ದಗಳನ್ನು ಸ್ವಲ್ಪ ನೋಡಬೇಕು. ವೈದ್ಯಕೀಯ ಅರ್ಥದ ಡಿಪ್ರೆಶನ್‌ಗೆ ಮರಾಠಿಯಲ್ಲಿ 'ನೈರಾಶ್ಯ' ಎನ್ನುತ್ತಾರೆ, ಕನ್ನಡದಲ್ಲಿ 'ಖಿನ್ನತೆ'. ಎರಡೂ ಶಬ್ದಗಳು ಎರಡೂ ಭಾಷೆಗಳಲ್ಲಿವೆ, ಆದರೆ ಸ್ಥಾನ ಬೇರೆ: ನೈರಾಶ್ಯವೆಂದರೆ ಕನ್ನಡದ ವಿದ್ಯಾರ್ಥಿಗೆ ಆಸೆಗೆಟ್ಟ ಸ್ಥಿತಿ, ಪರೀಕ್ಷೆ ಕೆಟ್ಟಾಗ ಆಗುವಂಥದ್ದು, ಅದೊಂದು ಕಾಯಿಲೆಯೆಂದು ಅವನಿಗೆ ತೋರುವುದಿಲ್ಲ. ಸಮಾಲೋಚಕರಿಗೆ ಮರಾಠಿಯ ಹೆಸರು 'ಸಮುಪದೇಶಕ'. ಮರಾಠಿಗರ ಕಿವಿಗೆ ಅದು ಪಾರಿಭಾಷಿಕ ಪದವಾಗಿ ಸವೆದಿದೆ. ಕನ್ನಡಿಗನಿಗೆ ಅದರೊಳಗಿನ ಉಪದೇಶವೇ ಮೊದಲು ಕೇಳಿಸುತ್ತದೆ, ಬುದ್ಧಿ ಹೇಳುವವರು, ಅಂದರೆ ಮತ್ತೊಬ್ಬ ಪಾಲಕರು. 'ಆಪ್ತ ಸಮಾಲೋಚಕ' ಎಂಬ ಕನ್ನಡದ ಪದ ಸರಕಾರಿಯೇ ಇರಬಹುದು, ಆದರೂ ಅದರಲ್ಲಿ ಆಪ್ತನೊಬ್ಬನಿದ್ದಾನೆ. ಇನ್ನೊಂದು ತುದಿಯಲ್ಲಿ 'ಮನಸ್ಸು ಹತ್ತವಲ್ದು', 'ಜೀವಕ್ಕ ಸಮಾಧಾನ ಇಲ್ಲ' ಎಂದು ಮನೆಯಲ್ಲಿ ಹೇಳುವ ಹುಡುಗಿ. ಮೊದಲ ಮಾತಿಗೆ ಮರಾಠಿಯಲ್ಲಿ ಸರಿಸಮವಾದ 'ಮನ ಲಾಗತ ನಾಹೀ' ಇದೆ. ಎರಡು ಭಾಷೆಗಳ ಒಡನಾಟ ಅಷ್ಟು ಹಳೆಯದು. ಆದರೆ ಅವಳ ಕೈಗೆ ಬರುವ ಪ್ರಶ್ನಾವಳಿ ಇಂಗ್ಲಿಷಿನಿಂದ ಗ್ರಾಂಥಿಕ ಮರಾಠಿಗೆ ಇಳಿದದ್ದಾದರೆ, ಈ ಮಾತು ಯಾವ ಚೌಕದಲ್ಲಿಯೂ ಕೂಡುವುದಿಲ್ಲ. ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಬರೆದ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರಂಥವರಿಗೆ ಎರಡು ಭಾಷೆ ಸಂಪತ್ತು. ಸಂಕಟದಲ್ಲಿರುವ ಹದಿನೇಳರ ಮಗುವಿಗೆ ಎರಡನೆಯ ಭಾಷೆ ಸಂಪತ್ತಾಗುವುದು ಆಮೇಲೆ.

2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯಲ್ಲಿ, 14416ಕ್ಕೆ ಕರೆ ಮಾಡಿದವರಿಗೆ, ಕನ್ನಡವೂ ಮರಾಠಿಯೂ ಇವೆ. ಕಾಲೇಜಿನ ಆವರಣದೊಳಗೆ ಆ ಆಯ್ಕೆ ಯಾರ ಮೂಲಕ ಸಾಧ್ಯ? ಗಡಿಭಾಗದ ಕಾಲೇಜುಗಳನ್ನು ಬಲ್ಲವರಿಗೆ ಉತ್ತರ ಗೊತ್ತಿದೆ: ಕನ್ನಡ ವಿಭಾಗದ ಅಧ್ಯಾಪಕರು. ಸಂಗಮೇಶ್ವರ ಕಾಲೇಜಿನಲ್ಲಿ, ಖೇಡಗಿ ಕಾಲೇಜಿನಲ್ಲಿ ಕನ್ನಡ ಬೋಧನೆಗೆ ಪರಂಪರೆಯಿದೆ. ಕನ್ನಡದ ಕೋಣೆಗೆ ಹುಡುಗರು ಪಠ್ಯಕ್ಕಾಗಿ ಮಾತ್ರ ಬರುವುದಿಲ್ಲ. ಶುಲ್ಕದ ತೊಂದರೆ, ಅಪ್ಪನ ಕುಡಿತ, ಗೊತ್ತುಮಾಡಿದ ಮದುವೆ ಎಲ್ಲವೂ ಅಲ್ಲಿಗೆ ಬರುತ್ತವೆ, ಏಕೆಂದರೆ ಅವನ್ನು ಹೇಳಿಕೊಳ್ಳುವ ಭಾಷೆ ಆ ಕೋಣೆಯಲ್ಲಿದೆ. ಈ ಅಧ್ಯಾಪಕರಿಗೆ ಆಪ್ತ ಸಮಾಲೋಚನೆಯ ತರಬೇತಿ ಕೊಡುವುದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ತರಬೇತಿ ಪಡೆದ ಸಮಾಲೋಚಕರ ನೇಮಕದಲ್ಲಿ ಕನ್ನಡ ಬಲ್ಲವರಿಗೆ ಆದ್ಯತೆ ಕೊಡುವುದು ಕಾಲೇಜಿನ ಕೈಯಲ್ಲಿಯೇ ಇದೆ. ಸದ್ಯಕ್ಕೆ ಹುದ್ದೆಯ ಮಂಜೂರಾತಿ ವಾರಕ್ಕೆ ಎಷ್ಟು ತಾಸು ಪಾಠ ಎಂಬ ಲೆಕ್ಕದ ಮೇಲೆ ನಿಂತಿದೆ. ಕನ್ನಡ ತೆಗೆದುಕೊಳ್ಳುವ ವಿದ್ಯಾರ್ಥಿಗಳು ಕಡಿಮೆಯಾದ ವರ್ಷ ತಾಸುಗಳು ಕಡಿಮೆಯಾಗುತ್ತವೆ, ನಿವೃತ್ತರಾದವರ ಜಾಗ ತುಂಬುವುದಿಲ್ಲ. ಆ ಕೋಣೆಯಲ್ಲಿ ಪಾಠದ ಹೊರಗೆ ಕಳೆದ ತಾಸುಗಳನ್ನು ಬರೆಯುವುದಕ್ಕೆ ಕಾರ್ಯಭಾರದ ತಖ್ತೆಯಲ್ಲಿ ಅಂಕಣವಿಲ್ಲ.